ಅರ್ಜಿದಾರರು ಖುದ್ದು ಸಿಕ್ಕಿದ್ದಾರೆ

ನಮ್ಮಣ್ಣ ತೋಂಟದಾರ್ಯ ಸತ್ತಿದ್ದು ಕಾರ್ತಿಕದಲ್ಲಿ. ಅವನ ವೈರ್‌ಲೆಸ್ ಲೈಸೆನ್ಸಿಗೆ ಪೊಲೀಸ್ ತನಿಖೆ ಮುಗಿದಿದೆ ಅಂತ ಮೆಸೇಜ್ ಬಂದಿದ್ದು ಆಷಾಢದಲ್ಲಿ.

ಸರ್ಕಾರದ ಕೆಲಸ ಇಷ್ಟು ತಡವಾಗುವುದು ನನಗೇನೂ ಹೊಸದಲ್ಲ. ಪಹಣಿಯಲ್ಲಿ ಅಪ್ಪನ ಹೆಸರು ತೆಗೆಸಿ ನಮ್ಮ ಹೆಸರು ಕೂರಿಸುವಷ್ಟರಲ್ಲಿ ನನ್ನ ಮೀಸೆ ನರೆತಿತ್ತು. ಆದರೆ ಆ ಮೆಸೇಜ್ ಬಂದಿದ್ದು ಅಣ್ಣನ ನಂಬರಿಗೆ. ಆ ಸಿಮ್ಮನ್ನು ನಮ್ಮವ್ವ ದ್ರಾಕ್ಷಾಯಣಮ್ಮ ತನ್ನ ಸಣ್ಣ ಫೋನಿಗೆ ಹಾಕಿಸಿಕೊಂಡಿದ್ದಳು. ಅವಳಿಗೆ ಓದು ಬರುವುದಿಲ್ಲ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ನನ್ನ ಮುಂದೆ ಫೋನು ಹಿಡಿದು, "ಏನ್ ಬಂದೈತೆ ನೋಡ್ಲಾ" ಅಂದಳು.

ಇಂಗ್ಲಿಷಿನಲ್ಲಿತ್ತು. ಅಣ್ಣನ ಹೆಸರು, ಪೊಲೀಸ್, ವೈರ್‌ಲೆಸ್ ಅನ್ನುವಷ್ಟನ್ನು ಕೂಡಿಸಿಕೊಂಡು ಓದಿದೆ.

"ಎಂಥದೋ ಕಂಪನೀದು. ಸಾಲ ಬೇಕಾ ಅಂತ ಕೇಳ್ತಾವ್ರೆ."

"ಅವನಿಗಾ?"

"ಯಾರಿಗಾದ್ರೂ ಕೇಳ್ತಾರೆ. ಒಳೀಕ್ ಹೋಗವ್ವ, ಎಮ್ಮೆ ಒದ್ದಾತು."

ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ಅಣ್ಣ ಸತ್ತ ಮೇಲೆ ಅವ್ವ ದಿನಾ ಬೆಳಿಗ್ಗೆ ಎದ್ದು ತೋಟದ ಕೊಬ್ಬರಿ ಮನೆಗೆ ಹೋಗಿ ಅವನ ವೈರ್‌ಲೆಸ್ ಸೆಟ್ಟಿನ ಮುಂದೆ ಕೂತುಬಿಡುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಒಣಗಿ ಸೋಗೆಯಂತಾಗಿದ್ದಳು. ಯುಗಾದಿ ಕಳೆದ ಮೇಲಷ್ಟೆ ಹೋಗುವುದು ಬಿಟ್ಟು, ಮನೆಯಲ್ಲಿ ಒಂದು ಮುದ್ದೆ ಉಣ್ಣಲು ಶುರು ಮಾಡಿದ್ದಳು. ಈಗ ಅವನ ಹೆಸರಿನಲ್ಲಿ ದಿಲ್ಲಿಯಿಂದ ಲೈಸೆನ್ಸ್ ಬಂದರೆ ಮತ್ತೆ ಹೋಗಿ ಕೂರುತ್ತಾಳೆ. ಈ ಸಲ ಕೂತರೆ ಏಳುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅಣ್ಣನದು ತಿಪಟೂರಿನಲ್ಲಿ ಸುಟ್ಟ ಪಂಪ್ ಮೋಟರಿಗೆ ತಂತಿ ಸುತ್ತುವ ಅಂಗಡಿ. ಮದುವೆ ಆಗಲಿಲ್ಲ. ಕುಡಿತ, ಇಸ್ಪೀಟು ಯಾವುದೂ ಇಲ್ಲ. ಇದ್ದ ಹುಚ್ಚು ಇದೊಂದೇ, ವೈರ್‌ಲೆಸ್ಸಿನಲ್ಲಿ ಗುರುತಿಲ್ಲದ ಊರಿನವರ ಹತ್ತಿರ ಮಾತಾಡುವುದು. ಫೋನಿರುವಾಗ ಇದು ಯಾಕಯ್ಯ ಅಂದರೆ, ಫೋನಿನಲ್ಲಿ ಗೊತ್ತಿರೋರು ಮಾತ್ರ ಸಿಗ್ತಾರೆ ಕಣೋ ಅನ್ನುತ್ತಿದ್ದ. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿದ್ದ. ಬಂದೂಕಿಗೆ ಕೇಳುವಷ್ಟೇ ಕಾಗದ ಇದಕ್ಕೂ ಕೇಳುತ್ತಾರೆ. ಸೆಟ್ಟಿನ ನಂಬರು ಏನು, ಎಲ್ಲಿ ಇಡುತ್ತೀಯ, ತಂತಿ ಎಷ್ಟು ಎತ್ತರ, ನಿನ್ನ ನಡತೆ ಹೇಗೆ, ಎಲ್ಲದಕ್ಕೂ ಒಂದೊಂದು ಕಾಗದ. ಸೆಟ್ಟನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ಯಬೇಕಾದರೂ ಹೊಸ ವಿಳಾಸಕ್ಕೆ ಅರ್ಜಿ ಹಾಕಬೇಕು. ಪೊಲೀಸಿನವರು ಅಲ್ಲಿಗೇ ಬಂದು ಆಸಾಮಿಯನ್ನು ಕಣ್ಣಾರೆ ನೋಡಿ ಬರೆಯಬೇಕು.

ನಮ್ಮೂರು ಬಿಳಿಗೆರೆಯ ಮನೆಯಲ್ಲಿ ಜಾಗ ಸಾಲದು ಅಂತ ಅಣ್ಣ ಸೆಟ್ಟನ್ನು ಕೊಬ್ಬರಿ ಮನೆಗೆ ಸಾಗಿಸಲು ಅರ್ಜಿ ಹಾಕಿದ್ದ. ಮೇಲೆ ಅಟ್ಟದ ತುಂಬ ಒಣಗಲು ಹಾಕಿದ ಕಾಯಿ, ಕೆಳಗೆ ಅವನ ಮೇಜು, ಕುರ್ಚಿ, ಮಂಚ. ಹೊರಗೆ ಎರಡು ತೆಂಗಿನ ಮರದ ನಡುವೆ ತಂತಿ ಕಟ್ಟಿದ್ದ. ಸೆಟ್ಟನ್ನೂ ತಂದಿಟ್ಟು, ಒಪ್ಪಿಗೆ ಬರುವುದನ್ನು ಕಾಯುತ್ತಲೇ ಎದೆನೋವು ಬಂದು ಹೋದ. ನಮ್ಮಲ್ಲಿ ಸುಡುವುದಿಲ್ಲ, ಸ್ವಂತ ಜಮೀನಿನಲ್ಲೇ ಕೂರಿಸಿ ಹೂಳುತ್ತೇವೆ. ಕೊಬ್ಬರಿ ಮನೆಯ ಹಿಂದೆಯೇ ಹೂತೆವು. ಅವನು ಅರ್ಜಿ ಹಾಕಿದ್ದು ಆ ಸರ್ವೆ ನಂಬರಿಗೆ. ಹೂತಿದ್ದೂ ಅದೇ ಸರ್ವೆ ನಂಬರಿನಲ್ಲಿ. ಆಗ ಅದು ಯಾರ ತಲೆಗೂ ಹೊಳೆಯಲಿಲ್ಲ.

ತಿಪಟೂರಿನ ಆನ್‌ಲೈನ್ ಸೆಂಟರಿನ ಯೋಗೀಶ್ ಹತ್ತಿರ ಹೋದೆ. ಅಣ್ಣನ ಅರ್ಜಿ ಹಾಕಿಕೊಟ್ಟವನು ಅವನೇ. ಕಂಪ್ಯೂಟರ್ ತೆಗೆದು ನೋಡಿದ, ಇನ್ನೊಂದು ಸಲ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಮಲ್ಲೇಶಣ್ಣ, ಅರ್ಜಿದಾರರು ಖುದ್ದು ಸಿಕ್ಕಿದ್ದಾರೆ ಅಂತ ಐತಲ್ಲ."

"ಯಾವನಿಗೆ ಸಿಕ್ಕ?"

"ಪೊಲೀಸ್ನೋರಿಗೆ. ಹೋದ ವಾರ. ಕೊಬ್ಬರಿ ಮನೇಲೇ ಸಿಕ್ಕಿದ್ರಂತೆ."

"ಅವನು ಮಣ್ಣಾಗಿ ಎಷ್ಟು ತಿಂಗಳಾಯ್ತಲೇ! ನೀನೂ ಮಣ್ಣು ಹಾಕಿ ಹೋಗಿದ್ಯಲ್ಲ!"

"ನನ್ನ ಮೇಲ್ಯಾಕೆ ಕೂಗ್ತೀಯ? ಅವರು ಬರೆದಿದ್ದು ಓದಿದೆ ಅಷ್ಟೆ."

ಲೈಸೆನ್ಸ್ ರದ್ದು ಮಾಡಿಸಬೇಕಾದರೆ ಮರಣ ಪತ್ರ, ಅಫಿಡವಿಟ್ಟು, ಸೆಟ್ಟು ಒಪ್ಪಿಸಿದ್ದಕ್ಕೆ ಮಹಜರು ಬೇಕು ಅಂದ. ಅದಕ್ಕೂ ಮೊದಲು, ಇದ್ದಾರೆ ಅಂತ ಬರೆದ ಪೊಲೀಸಿನವನೇ ಇಲ್ಲ ಅಂತ ಬರೆದುಕೊಡಬೇಕು. ಇಲ್ಲದಿದ್ದರೆ ದಿಲ್ಲಿಯಲ್ಲಿ ನಮ್ಮಣ್ಣ ಬದುಕಿಯೇ ಇರುತ್ತಾನೆ.

ನನಗೆ ಮೈಯೆಲ್ಲ ಉರಿಯಿತು. ನಡೆದಿದ್ದು ಏನು ಅಂತ ನನಗೆ ಗೊತ್ತೇ ಇತ್ತು. ಟೀ ಅಂಗಡಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ ಬರೆದು ಕಳಿಸಿದ್ದಾನೆ ನನ್ಮಗ. ನೇರ ಠಾಣೆಗೆ ನುಗ್ಗಿದೆ.

ತನಿಖೆ ಮಾಡಿದ ಪೇದೆಯ ಹೆಸರು ಜುಂಜೇಶ್. ಹುಳಿಯಾರು ಕಡೆಯ ಹಟ್ಟಿಯವನು. ಸಣ್ಣ ವಯಸ್ಸು, ನೀಳ ಕತ್ತು. ಠಾಣೆ ಹಿಂದಿನ ಹೊಂಗೆ ಮರದ ಕೆಳಗೆ ಬೈಕು ಒರೆಸುತ್ತಿದ್ದ.

"ನೀವೇನೇನ್ರೀ ತೋಂಟದಾರ್ಯನ್ನ ನೋಡಿದ ಮಹಾನುಭಾವರು?"

"ಹೂಂ ಸಾ. ವೈರ್‌ಲೆಸ್ಸಿಂದು. ನೀವು?"

"ಅವನ ತಮ್ಮ. ಎಲ್ಲಿ ಕೂತು ಬರೆದ್ರಿ? ಹೋಟ್ಲಾಗೋ, ಇಲ್ಲೇ ಮರದ ಕೆಳಗೋ? ಸತ್ತೋನ್ನ ಇದಾನೆ ಅಂತ ಬರೀತೀರಲ್ಲ, ತಿನ್ನೋ ಅನ್ನಕ್ಕೆ ನಾಚಿಕೆ ಬ್ಯಾಡ್ವಾ?"

ಬಟ್ಟೆ ಹಿಡಿದಿದ್ದ ಅವನ ಕೈ ನಿಂತಿತು. ಸುಳ್ಳು ಸಿಕ್ಕಿಬಿದ್ದವನ ಮುಖ ನಾನು ಬೇಕಾದಷ್ಟು ನೋಡಿದ್ದೇನೆ. ಇದು ಆ ಮುಖವಾಗಿರಲಿಲ್ಲ.

"ಸತ್ತೋರು ಅಂದ್ರೆ?"

"ಸತ್ತೋರು ಅಂದ್ರೆ ಸತ್ತೋರು! ಕಾರ್ತಿಕದಾಗೆ ಹೂತಿದೀವಿ!"

"ಇಲ್ಲ ಸಾ. ನಮ್ಮ ಜುಂಜಪ್ಪನಾಣೆಗೂ ನಾನು ಅಲ್ಲೀಗಂಟ ಹೋಗಿದ್ದೆ. ಮಧ್ಯಾಹ್ನ. ಬಿಳಿಗೆರೆಯಿಂದ ತೋಟದ ದಾರೀಲಿ ಹೋದೆ. ನಿಮ್ಮ ಮನೇಲಿ ಯಾರೂ ಇರ್ಲಿಲ್ಲ."

ಆ ದಿನ ನಾವೆಲ್ಲ ದಬ್ಬೇಘಟ್ಟಕ್ಕೆ ನನ್ನ ಹೆಂಡತಿಯ ತವರಿನ ನಾಮಕರಣಕ್ಕೆ ಹೋಗಿದ್ದೆವು. ಅದು ನಿಜ.

"ಹೋದ್ರೆ? ಅಲ್ಲಿ ಯಾರಿದ್ರು?"

"ಒಬ್ಬರು ಕುರ್ಚಿ ಮೇಲೆ ಕೂತಿದ್ರು. ಬಿಳೀ ಬನೀನು, ಹಣೆ ತುಂಬ ವಿಭೂತಿ. ಅರ್ಜಿ ಫೋಟೊದಾಗೆ ಇದ್ದೋರೇ. ತನಿಖೆಗೆ ಬಂದಿದೀನಿ ಅಂದೆ. ಬಾಪ್ಪ, ಬಹಳ ತಡ ಆಯ್ತು ಅಂದ್ರು. ಬಿಸ್ಲಾಗೆ ಬಂದಿದೀಯ ಅಂತ ಎಳನೀರು ಕೆತ್ತಿಕೊಟ್ರು. ಎಡಗೈಲಿ ಮಚ್ಚು ಹಿಡ್ಕೊಂಡಿದ್ರು. ನಂಗೆ ನೋಡೋಕೆ ಭಯ ಆಯ್ತು, ಎಲ್ಲಿ ಬೆರಳು ತುಂಡ್ ಮಾಡ್ಕೊಂತಾರೋ ಅಂತ."

ನಾನು ಪಕ್ಕದ ಕಟ್ಟೆ ಮೇಲೆ ಕೂತೆ. ಅಣ್ಣ ಎಡಚ. ಅದು ಯಾವ ಅರ್ಜಿಯಲ್ಲೂ ಬರೆಯುವ ಸಂಗತಿಯಲ್ಲ.

"ಆಮೇಲೆ?"

"ಕೇಳೋದೆಲ್ಲ ಕೇಳಿದೆ. ಸೆಟ್ಟಿನ ನಂಬರ್ ನೋಡಿದೆ. ಈ ವಿಳಾಸದಾಗೆ ಯಾರ್ಯಾರು ಇರ್ತೀರಿ ಅಂತ ಕೇಳಬೇಕು, ಅದನ್ನೂ ಕೇಳಿದೆ." ಜುಂಜೇಶ್ ದನಿ ತಗ್ಗಿಸಿದ. "ಸದ್ಯಕ್ಕೆ ನಾನೊಬ್ನೆ, ನಮ್ಮವ್ವ ಬರೋದೈತೆ ಅಂದ್ರು."

ನಾನು ಕಟ್ಟೆಯಿಂದ ಎದ್ದೆ.

"ಯಾವಾಗ ಬರೋದು ಅಂತ ಕೇಳಿದ್ರಾ?"

"ಅದು ಫಾರಂನಾಗೆ ಇರ್ಲಿಲ್ಲ ಸಾ."

ಮನೆಗೆ ಹೋಗಲಿಲ್ಲ. ನೇರ ತೋಟಕ್ಕೆ ಹೋದೆ. ಮಟಮಟ ಮಧ್ಯಾಹ್ನ. ಗಾಳಿಯಿಲ್ಲ, ಒಂದು ಗರಿ ಅಲುಗುತ್ತಿರಲಿಲ್ಲ. ಕೊಬ್ಬರಿ ಮನೆಯ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಸುತ್ತು ಹೊಡೆದು ಹಿಂದಕ್ಕೆ ಹೋದೆ. ಅಣ್ಣನ ಸಮಾಧಿಯ ಪಕ್ಕ ಎಳನೀರಿನ ಬುರುಡೆ ಬಿದ್ದಿತ್ತು. ಸಿಪ್ಪೆ ಈಗಷ್ಟೆ ಕಂದು ತಿರುಗುತ್ತಿತ್ತು. ವಾರಕ್ಕಿಂತ ಹಳೆಯದಲ್ಲ.

ಎತ್ತಿ ನೋಡಿದೆ. ನಮ್ಮ ಸೀಮೆಯಲ್ಲಿ ಹುಟ್ಟಿದವನಿಗೆ, ಕೆತ್ತಿದ ಕಾಯಿ ನೋಡಿದರೆ ಕೆತ್ತಿದ ಕೈ ಗೊತ್ತಾಗುತ್ತದೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಏಟು. ಬಲಗೈಯವರ ಏಟು ಒಂದು ಕಡೆ ಇಳಿಯುತ್ತದೆ, ಇದರ ಏಟೆಲ್ಲ ಅದರ ಎದುರು ಕಡೆಗೆ ಇಳಿದಿದ್ದವು. ಗಂಜಿ ಕೆರೆಯಲು ಚಕ್ಕೆಯನ್ನು ಪೂರ್ತಿ ಕತ್ತರಿಸದೆ ಬುರುಡೆಗೆ ಅಂಟಿದ ಹಾಗೆ ಬಿಟ್ಟಿತ್ತು. ಹಾಗೆ ಬಿಡುತ್ತಿದ್ದವನು ನಮ್ಮ ಮನೆಯಲ್ಲಿ ಒಬ್ಬನೇ. ತಂತಿ ಕಟ್ಟಿದ ಮರಗಳತ್ತ ನೋಡಿದೆ. ತಂತಿ ಇದೆ ಅಂತ ಕಾಯಿ ಕೀಳುವವರು ಆ ಎರಡು ಮರಕ್ಕೆ ಹತ್ತುವುದನ್ನೇ ಬಿಟ್ಟಿದ್ದರು. ಒಂದರಲ್ಲಿ ಒಂದು ಗೊನೆ ಬರಿದಾಗಿತ್ತು. ಗೊನೆಯ ತೊಟ್ಟಿನಲ್ಲಿ ಕೊಯ್ದ ಗಾಯ ಇನ್ನೂ ಹಸಿಯಾಗಿತ್ತು.

ಬುರುಡೆಯನ್ನು ಬಿಸಾಡಬೇಕು ಅನ್ನಿಸಿತು. ಬಿಸಾಡಲು ಆಗಲಿಲ್ಲ. ಎಲ್ಲಿತ್ತೋ ಅಲ್ಲೇ ಇಟ್ಟೆ.

"ಅಣ್ಣ," ಅಂದೆ ಸಮಾಧಿಯ ಕಡೆ ತಿರುಗಿ. "ಎಳನೀರಿಗೆ ನಂದೇನೂ ಅಡ್ಡಿ ಇಲ್ಲ. ಅವ್ವನ ತಂಟೆಗೆ ಬರಬ್ಯಾಡ. ನಾನು ಸುಮ್ಕಿರೋನಲ್ಲ, ನಿಂಗೊತ್ತು."

ಒಣಗಿದ ಒಂದು ಗರಿ ದಡ್ ಅಂತ ಕೆಳಗೆ ಬಿತ್ತು. ಬೇರೇನೂ ಆಗಲಿಲ್ಲ.

ಮರುದಿನ ಕಾಗದಗಳನ್ನೆಲ್ಲ ಮಾಡಿಸಿದೆ. ನೋಟರಿ ಮುಂದೆ ನಿಂತು ನಮ್ಮಣ್ಣ ಸತ್ತಿರುವುದು ಸತ್ಯ ಅಂತ ಪ್ರಮಾಣ ಮಾಡಿದೆ. ಹೇಳುವಾಗ ನಾಲಿಗೆ ತೊದಲಿತು. ಜುಂಜೇಶನನ್ನು ಹಿಡಿದೆ. ಮಹಜರಿಗೆ ಬರುವುದಿಲ್ಲ ಅಂತ ಮೊದಲು ಹಟ ಹಿಡಿದ. ಇದ್ದಾರೆ ಅಂತ ಬರೆದವನು ಈಗ ಇಲ್ಲ ಅಂತ ಬರೆದರೆ ತನ್ನ ಕೆಲಸ ಹೋಗುತ್ತದೆ ಅಂದ.

"ನಿಮ್ಮ ಕೆಲಸ ಹೋದ್ರೆ ಇನ್ನೊಂದು ಸಿಗ್ತದೆ ಕಣ್ರೀ. ನಮ್ಮವ್ವ ಹೋದ್ರೆ?"

ಅವನಿಗೂ ಹಟ್ಟಿಯಲ್ಲಿ ತಾಯಿ ಇದ್ದಳು, ಕಾಳಕ್ಕ ಅಂತ. "ಫೋಟೊ ನೋಡಿ ಮೋಸ ಹೋದೆ, ಅಣ್ತಮ್ಮಂದ್ರು ಒಂದೇ ಥರ ಅವ್ರೆ ಅಂತ ಬರೀತೀನಿ," ಅಂದ. "ಬೈದ್ರೆ ಬೈಸ್ಕೊಂತೀನಿ ಬುಡಿ. ಆದ್ರೆ ಆ ಮನೆ ಒಳೀಕೆ ನೀವು ಮುಂದೆ ಹೋಗಬೇಕು."

ಬುಧವಾರ ಮಧ್ಯಾಹ್ನ ಬರುವುದು ಅಂತ ಮಾತಾಯಿತು. ನಾನು ಕೊಬ್ಬರಿ ಮನೆಯ ಹತ್ತಿರ ಕಾಯುತ್ತೇನೆ, ಊರೊಳಗೆ ಬರದೆ ಕಾಲುವೆ ದಾರಿಯಲ್ಲಿ ಬನ್ನಿ ಅಂತ ಒತ್ತಿ ಹೇಳಿದ್ದೆ. ಆದರೆ ಆ ದಾರಿಯಲ್ಲಿ ಮಣ್ಣು ಹೊಡೆಯುವ ಲಾರಿ ಹೂತುಕೊಂಡಿತ್ತು. ಅವನು ಊರ ಮೇಲೆ ಬಂದ. ನಮ್ಮ ಜಗಲಿಯ ಮೇಲೆ ಅವ್ವ ಕೂತಿದ್ದಳು. ಯಾರಪ್ಪ, ಎಲ್ಲಿಗೆ ಅಂತ ಕೇಳಿದಳು. ಈ ಹುಡುಗನಿಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ನನಗೆ ಆಗಲೇ ಗೊತ್ತಾಗಬೇಕಿತ್ತು.

ಕೊಬ್ಬರಿ ಮನೆಯ ಬಾಗಿಲಲ್ಲಿ ನಿಂತಿದ್ದೆ. ಬೈಕಿನ ಸದ್ದಿಲ್ಲ. ಇಬ್ಬರೂ ನಡೆದುಕೊಂಡು ಬರುತ್ತಿದ್ದರು. ಅವ್ವ ಮುಂದೆ. ತಲೆ ಬಾಚಿ, ವಿಭೂತಿ ಇಟ್ಟು, ನೇಯ್ಗೆ ಅಂಚಿನ ಸೀರೆ ಉಟ್ಟಿದ್ದಳು. ಹಿಂದೆ ಜುಂಜೇಶ್, ಕೈಯಲ್ಲಿ ಅವಳ ಬಟ್ಟೆಯ ಚೀಲ.

"ಎಲ್ಲಿಗವ್ವ ಹೊಂಟೆ?"

"ಗೊತ್ತಿದ್ದೂ ಕೇಳ್ತೀಯಲ್ಲೋ."

"ಏನ್ರೀ ಹೇಳಿದ್ರಿ ಇವ್ಳಿಗೆ?" ಜುಂಜೇಶನ ಮೇಲೆ ಹರಿಹಾಯ್ದೆ.

"ಅವರೇ ಕೇಳಿದ್ರು ಸಾ. ಏನ್ ಅಂಗಿ ಹಾಕಿದ್ದ, ಸೊರಗಿದ್ನಾ, ಕೆಮ್ತಿದ್ನಾ ಅಂತ. ಆಮೇಲೆ ಏನಂದ ಅಂತ ಕೇಳಿದ್ರು..."

"ಹೇಳೇಬುಟ್ರಾ!"

"ಅವನ್ನ ಯಾಕ್ ಬೈತೀಯ?" ಅವ್ವ ಅಂದಳು. "ನೀನು ಮುಚ್ಚಿಟ್ಟೆ, ಆ ಕಂಡೋರ ಮಗ ಹೇಳ್ದ. ಸರ್ಕಾರದೋರೇ ಇದಾನೆ ಅಂತ ಬರೆದವ್ರೆ. ಇಲ್ಲ ಅನ್ನಾಕೆ ನೀನ್ಯಾರ್ಲಾ?"

"ಅವನ ತಮ್ಮ! ನಾನೇ ಗುಂಡಿಗಿಳಿದು ಕೂರಿಸಿದೋನು!"

"ಅದಕ್ಕೇ ಒಬ್ನೇ ಕೂತವ್ನೆ ಅಲ್ಲಿ. ದಾರಿ ಬುಡು."

ನಾನು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತೆ. ಐವತ್ತು ದಾಟಿದ ಗಂಡಸು, ಹೆತ್ತ ತಾಯಿಗೆ ಬಾಗಿಲು ಕಟ್ಟಿ ನಿಂತೆ. ಬೈದೆ. ಅಣ್ಣನನ್ನು ಬೈದೆ, ದಿಲ್ಲಿಯನ್ನು ಬೈದೆ, ಅವಳನ್ನೂ ಬೈದೆ. ನಿನಗೆ ಅವನೊಬ್ಬನೇ ಮಗನಾ, ನಾನೇನು ದಾರೀಲಿ ಸಿಕ್ಕಿದವನಾ ಅಂದೆ.

ಅವ್ವ ನನ್ನನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಹಾಗೆ ನೋಡಿದ್ದು. ನಿಧಾನಕ್ಕೆ ಬಂದು ಕೊಬ್ಬರಿ ಮನೆಯ ಜಗಲಿಯ ಅಂಚಿನ ಮೇಲೆ ಕೂತಳು.

"ಆಯ್ತು ಬುಡು. ನಾನು ಹೋಗಾಕಿಲ್ಲ," ಅಂದಳು. "ಆದ್ರೆ ಅವನು ಕಾಯ್ತಿರ್ತಾನೆ. ಬರಲ್ಲ ಅಂತ ಅವನಿಗೆ ಹೇಳಬೇಕು. ನಂಗೆ ಬಾಯಿ ಬರಾಕಿಲ್ಲ. ನೀನೇ ಹೇಳು."

"ಹೆಂಗೆ ಹೇಳ್ಲಿ?"

"ಅವನು ಎಲ್ಲರ ತಾವ ಹೆಂಗೆ ಮಾತಾಡ್ತಿದ್ದ? ಹಂಗೆ."

ಬೀಗ ತೆಗೆದೆ. ಜುಂಜೇಶ್ ನನ್ನ ಹಿಂದೆಯೇ ಬಂದು, ಮಹಜರಿಗೆ ಅಂತ ಸೆಟ್ಟಿನ ನಂಬರು ಬರೆದುಕೊಂಡ. ಬ್ಯಾಟರಿಯ ಎರಡೂ ವೈರು ಕಿತ್ತು ನೆಲದ ಮೇಲೆ ಹಾಕಿದ. ಒಪ್ಪಿಸುವ ಸೆಟ್ಟು ಚಾಲೂ ಇರಬಾರದಂತೆ. ಅಷ್ಟು ಮಾಡಿ, ಕುರ್ಚಿಯ ಕಡೆ ತಿರುಗಿಯೂ ನೋಡದೆ ಹೊರಗೆ ಹೋದ. ಒಳಗೆ ಹೊಗೆಯ, ಹಳೆ ಕಾಯಿಯ ವಾಸನೆ. ಹೆಂಚಿನ ಸಂದಿಯಿಂದ ಒಂದು ಕೋಲು ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಧೂಳಿರಲಿಲ್ಲ.

ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಮೈಕು ಎತ್ತಿಕೊಂಡೆ. ಅದರ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ನಾವು ಮಾತಾಡಬಹುದು, ಬಿಟ್ಟರೆ ಆ ಕಡೆಯವರು ಮಾತಾಡುತ್ತಾರೆ. ಇಬ್ಬರೂ ಒಟ್ಟಿಗೆ ಮಾತಾಡಲು ಆಗದು. ಅವ್ವನ ಸಮಾಧಾನಕ್ಕೆ ನಾಕು ಮಾತು ಆಡಿ ಇಟ್ಟುಬಿಡೋಣ ಅಂತ ಗುಂಡಿ ಒತ್ತಿದೆ.

ಸೆಟ್ಟಿನ ಕೆಂಪು ದೀಪ ಹತ್ತಿಕೊಂಡಿತು.

ಬ್ಯಾಟರಿಯ ವೈರು ನನ್ನ ಕಾಲ ಹತ್ತಿರ ನೆಲದ ಮೇಲೆ ಬಿದ್ದಿತ್ತು.

"ಅಣ್ಣ, ನಾನು ಮಲ್ಲೇಶ," ಅಂದೆ. "ಅವ್ವ ಬರಲ್ಲ ಕಣಣ್ಣ."

ಹೇಳಬೇಕಾಗಿದ್ದು ಅಷ್ಟೇ. ಈಗ ಗುಂಡಿ ಬಿಡಬೇಕು. ಬಿಡಲು ಆಗಲಿಲ್ಲ. ಹೆಬ್ಬೆರಳು ಬಿಟ್ಟರೆ ಅವನ ಸರದಿ. ನಾನು ಒತ್ತಿ ಹಿಡಿದಿರುವ ತನಕ ಅವನು ಮಾತಾಡುವ ಹಾಗಿಲ್ಲ. ಅದಕ್ಕೆ ಮಾತಾಡುತ್ತಲೇ ಹೋದೆ. ನಿನ್ನ ಅಂಗಡೀನ ಗುಬ್ಬಿ ಕಡೆಯವನೊಬ್ಬ ನಡೆಸ್ತಾವ್ನೆ ಅಂದೆ. ಎಮ್ಮೆ ಹೆಣ್ಗರು ಹಾಕ್ತು ಅಂದೆ. ಮೂಡಲ ಸಾಲಿಗೆ ಕೆಂಪು ಮೂತಿ ಹುಳ ಬಿದ್ದು ನಾಕು ಮರದ ಸುಳಿ ಹೋಯ್ತು, ನೀನಿದ್ದಿದ್ರೆ ಮೊದಲೇ ಗೊತ್ತಾಗ್ತಿತ್ತು ಅಂದೆ. ಅವ್ವ ಈಗ ಒಂದು ಮುದ್ದೆ ಉಣ್ತಾಳೆ ಅಂದೆ. ಎದೆಯೊಳಗೆ ಏನೇನು ಇತ್ತೋ ಎಲ್ಲ ಮುಗಿಯಿತು. ಹೆಬ್ಬೆರಳು ಮರಗಟ್ಟಿ, ಅದು ನನ್ನದೋ ಅಲ್ಲವೋ ಅನ್ನುವ ಹಾಗಾಗಿತ್ತು. ದೀಪ ಉರಿಯುತ್ತಲೇ ಇತ್ತು. ಮಾತಿಲ್ಲದೆ, ಬರೀ ಗುಂಡಿ ಹಿಡಿದುಕೊಂಡು ನಿಂತೆ.

"ಏನಂದನೋ?" ಬಾಗಿಲಿಂದ ಅವ್ವನ ದನಿ.

"ಇರವ್ವ. ಇನ್ನೂ ನಾನೇ ಮಾತಾಡ್ತಾ ಇದೀನಿ."

"ಎಲ್ಲಿ ಮಾತಾಡ್ತಾ ಇದೀಯ? ಅವನಿಗೂ ಮಾತಾಡಾಕೆ ಬುಡ್ಲಾ. ಚಿಕ್ಕಂದಿನಿಂದ ನಿಂದು ಇದೇ ಆಯ್ತು."

ಬರಬೇಡ ಅನ್ನುವಷ್ಟರಲ್ಲಿ ಒಳಗೆ ಬಂದಿದ್ದಳು. ನನ್ನ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಳ್ಳು ತೆಗೆಯುವಾಗ ಹಿಡಿಯುತ್ತಾರಲ್ಲ, ಹಾಗೆ. ಮೆಲ್ಲಗೆ ನನ್ನ ಹೆಬ್ಬೆರಳನ್ನು ಎತ್ತಿದಳು.

ಕೆಂಪು ದೀಪ ಆರಿತು. ಸೆಟ್ಟು ಸುಂಯ್ ಅನ್ನಲು ಶುರು ಮಾಡಿತು. ಮಳೆಗೆ ಮುಂಚೆ ದೂರದ ತೋಟದಲ್ಲಿ ಗರಿಗಳು ಮಾಡುವಂಥ ಸದ್ದು. ನನಗೆ ಕೇಳಿಸಿದ್ದು ಅದೊಂದೇ. ಅವ್ವ ತಲೆ ಓರೆ ಮಾಡಿ, ಕಿವಿ ಹತ್ತಿರ ತಂದಳು.

"ಹೂಂ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಹೂಂ ಕಣಪ್ಪ." ಆಮೇಲೆ ಒಂದು ಸಲ ನಕ್ಕಳು. ನನ್ನ ಕಡೆ ತಿರುಗಿ ನೋಡಿ, ಮತ್ತೆ ಸೆಟ್ಟಿಗೆ, "ಅದೇನೋ ಸರೀನೇ. ಸಿಟ್ಟು ಜಾಸ್ತಿ, ಒಳಗೇನಿಲ್ಲ," ಅಂದಳು.

ಸದ್ದು ನಿಂತಿತು.

ಹೊರಗೆ ಜುಂಜೇಶ್ ಬೆನ್ನು ಹಾಕಿ, ತೋಟದ ಕಡೆ ಮುಖ ಮಾಡಿ ನಿಂತಿದ್ದ. ಮಹಜರಿನ ಹಾಳೆಯನ್ನು ನಾಕು ಮಡಿಕೆ ಮಾಡಿ ಜೇಬಿಗೆ ತುರುಕುತ್ತಿದ್ದ.

ಅವ್ವ ಸೆಟ್ಟಿನ ಮೇಲೆ ಸೆರಗಿನಿಂದ ಒಂದು ಸಲ ಒರೆಸಿದಳು. "ತಗೊಂಡ್ ಹೋಗಪ್ಪ," ಅಂತ ಜುಂಜೇಶನಿಗೆ ಹೇಳಿದಳು. "ಇನ್ನು ಇದು ಬ್ಯಾಡಂತೆ."

ನಾನಿನ್ನೂ ಮೈಕು ಹಿಡಿದೇ ನಿಂತಿದ್ದೆ. ಅವಳೇ ರಟ್ಟೆ ಹಿಡಿದು ಎಳೆದಳು.

"ನಡಿ. ಮುದ್ದೆ ಆರ್ತೈತೆ. ನಂಗಿನ್ನೂ ಟೈಮೈತಂತೆ."

ಮನೆಯ ದಾರಿಯಲ್ಲಿ ಅವಳು ಮುಂದೆ, ಚೀಲ ಹಿಡಿದುಕೊಂಡು ನಾನು ಹಿಂದೆ. ಎಷ್ಟು ಟೈಮು ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.